20 ಕಿಲೋ ಸೀಸ: ಮಾಂಟಾನಾದ ಒಂದು ಡೈವ್, ಸ್ಕೂಬಾ ಕಲಿಸೋರ ಗುಣಮಟ್ಟದ ಪ್ರಶ್ನೆ

2020ರ ನವೆಂಬರ್ 1, ಭಾನುವಾರ ಸಂಜೆ, ಅಮೆರಿಕದ ಮಾಂಟಾನಾ ರಾಜ್ಯದ ಗ್ಲೇಸಿಯರ್ ನ್ಯಾಷನಲ್ ಪಾರ್ಕ್ ಒಳಗಿರೋ ಲೇಕ್ ಮೆಕ್‌ಡೊನಾಲ್ಡ್ ಅನ್ನೋ ಸರೋವರದಲ್ಲಿ ಒಂದು ಸ್ಕೂಬಾ ಕ್ಲಾಸ್ ನಡೀತಾ ಇತ್ತು. ಆ ಕ್ಲಾಸಲ್ಲಿದ್ದ 18 ವರ್ಷದ ಹುಡುಗಿಯೊಬ್ಬಳು ನೀರಿಂದ ಜೀವಂತ ವಾಪಸ್ ಬರಲಿಲ್ಲ. ತೇಲದೆ ನೀರಿಗಿಳಿಯೋಕೆ ಅಂತ ಡೈವರ್‌ಗಳು ಸೀಸದ ತೂಕ ಹಾಕ್ಕೋತಾರೆ, ಅವಳ ಮೈಮೇಲೆ 44 ಪೌಂಡ್, ಅಂದ್ರೆ ಹತ್ತಿರ ಹತ್ತಿರ 20 ಕಿಲೋ ಸೀಸ ಇತ್ತು, ಅದನ್ನ ತಟ್ಟನೆ ಬಿಚ್ಚಿ ಬಿಸಾಕೋಕೆ ದಾರಿ ಇರಲಿಲ್ಲ, ಹಾಕ್ಕೊಂಡಿದ್ದ ಡ್ರೈಸೂಟ್‌ಗೆ, ಅಂದ್ರೆ ಒಳಗೆ ನೀರು ಬಾರದ ಸೂಟಿಗೆ, ಗಾಳಿ ತುಂಬೋ ಹೋಸ್ ಕನೆಕ್ಟೇ ಆಗಿರಲಿಲ್ಲ. ಇದೆಲ್ಲ ನೀರಿಗಿಳಿಯೋ ಮುಂಚೆ, ದಡದಲ್ಲಿ ನಿಂತಾಗಲೇ ಕಣ್ಣಿಗೆ ಕಾಣೋ ಥರ ಇತ್ತು.

ಡೈವಿಂಗ್‌ನಲ್ಲಿ ಆಗೋ ಎಷ್ಟೋ ಸಾವುಗಳಲ್ಲಿ ಕೊನೇ ಹತ್ತು ನಿಮಿಷ ಏನಾಯ್ತು ಅಂತ ಹೇಳೋಕೆ ಯಾರೂ ಇರಲ್ಲ. ಈ ಕೇಸ್ ಹಾಗಲ್ಲ. ಜೊತೇಲಿದ್ದ ಇನ್ನೊಬ್ಬ ವಿದ್ಯಾರ್ಥಿ ಅವಳನ್ನ ಉಳಿಸೋಕೆ ಪ್ರಯತ್ನಪಟ್ಟಿದ್ದ, ಡೈವ್‌ನ ವಿಡಿಯೋ ಇತ್ತು, ನ್ಯಾಷನಲ್ ಪಾರ್ಕ್ ಸರ್ವಿಸ್ ತನಿಖೆ ಮಾಡ್ತು, 2021ರಲ್ಲಿ ಅವಳ ಕುಟುಂಬ ಕೋರ್ಟಿಗೆ ಹೋಗಿ ಎಲ್ಲಾನೂ ವಿವರವಾಗಿ ದೂರಿನಲ್ಲಿ ಬರೆಸ್ತು. ಅದಕ್ಕೇ ಹೊಸದಾಗಿ ಕಲಿಯೋರಿಗೆ, ಅದಕ್ಕಿಂತ ಹೆಚ್ಚಾಗಿ ಕಲಿಸೋರಿಗೆ, ಇದರಲ್ಲಿ ಓದ್ಕೊಳ್ಳೋದು ತುಂಬಾ ಇದೆ. ಅಂಗಡಿ ಹೆಸರು, ಇನ್‌ಸ್ಟ್ರಕ್ಟರ್ ಹೆಸರು, ಆ ಹುಡುಗಿ ಹೆಸರು ಯಾವುದನ್ನೂ ನಾನು ಇಲ್ಲಿ ಬರೀತಿಲ್ಲ, ಮಗಳನ್ನ ಕಳ್ಕೊಂಡೋರ ಮನೆ ಅದು.

ಮೊದಲು ಕೋರ್ಸ್ ಯಾವುದು ಅಂತ ಹೇಳ್ತೀನಿ. ಅವಳು ಸೇರಿದ್ದು, ಸ್ಕೂಬಾ ಕೋರ್ಸ್‌ಗಳನ್ನ ರೂಪಿಸಿ ಕಾರ್ಡ್ ಕೊಡೋ ಪ್ಯಾಡಿ ಅನ್ನೋ ಸಂಸ್ಥೆಯ ಅಡ್ವಾನ್ಸ್ಡ್ ಓಪನ್ ವಾಟರ್ ಕೋರ್ಸ್. ಇದಕ್ಕೆ ಸೇರೋಕೆ ನೂರಾರು ಡೈವ್ ಅನುಭವ ಏನೂ ಬೇಕಿಲ್ಲ. ಪ್ಯಾಡಿಯ ಮೊದಲ ಕೋರ್ಸ್ ಓಪನ್ ವಾಟರ್ ಡೈವರ್, ಅದರಲ್ಲಿ ಪೂಲ್ ಅಥವಾ ಪೂಲ್ ಥರದ ನೀರಲ್ಲಿ ಐದು ಪಾಠ, ಆಮೇಲೆ ತೆರೆದ ನೀರಲ್ಲಿ ನಾಲ್ಕು ಡೈವ್, 18 ಮೀಟರ್ ಆಳದ ಮಿತಿ. ಅದು ಮುಗಿದ ಮಾರನೇ ದಿನವೇ ಬೇಕಾದ್ರೆ ಅಡ್ವಾನ್ಸ್ಡ್‌ಗೆ ಸೇರಬಹುದು. ಅದರಲ್ಲಿ ಐದು ಡೈವ್, ಆಳದ ಡೈವ್ ಒಂದು, ದಿಕ್ಸೂಚಿ ಹಿಡಿದು ದಾರಿ ಹುಡುಕೋ ಡೈವ್ ಒಂದು ಕಡ್ಡಾಯ, ಉಳಿದ ಮೂರು ನಮ್ಮಿಷ್ಟ. ಮುಗಿದ್ಮೇಲೆ 30 ಮೀಟರ್ ತನಕ ಹೋಗಬಹುದು ಅಂತ ಕಾರ್ಡ್ ಕೊಡ್ತಾರೆ. ಅಂದ್ರೆ ಜೀವಮಾನದಲ್ಲಿ ಒಂಬತ್ತೇ ಡೈವ್ ಮಾಡಿರೋ ಮನುಷ್ಯನ ಜೇಬಲ್ಲೂ ಆ ಕಾರ್ಡ್ ಇರಬಹುದು. ಹಾಗಾಗಿ ನಾನು ಇದನ್ನೂ ಹೊಸಬರ ಕೋರ್ಸ್ ಅಂತಾನೇ ಲೆಕ್ಕ ಹಿಡಿಯೋದು, ಅಲ್ಲಿಗೆ ಬರೋರು ನೀರಿಗೆ ಹೊಸಬರೇ, ಇನ್‌ಸ್ಟ್ರಕ್ಟರ್ ಏನು ಹೇಳಿದ್ರೂ ಸರಿ ಅಂದ್ಕೊಳ್ಳೋರೇ.

ಇನ್ನು ಡ್ರೈಸೂಟ್. ನಮ್ಮ ಕಡೆ ಡೈವ್ ಮಾಡೋರಲ್ಲಿ ಬಹಳ ಜನ ಇದನ್ನ ಕಣ್ಣಲ್ಲೂ ನೋಡಿರಲ್ಲ, ನೇತ್ರಾಣಿಯಲ್ಲೋ ಅಂಡಮಾನಲ್ಲೋ ಅದರ ಅವಶ್ಯಕತೆನೇ ಬರಲ್ಲ. ತಣ್ಣೀರಲ್ಲಿ ಡೈವ್ ಮಾಡೋರು ಹಾಕ್ಕೊಳ್ಳೋ, ಕತ್ತು ಮಣಿಕಟ್ಟು ಎಲ್ಲಾ ಸೀಲ್ ಆಗಿರೋ ಸೂಟ್ ಅದು. ಒಳಗೆ ನೀರು ಬರಲ್ಲ, ಮೈಗೂ ಸೂಟಿಗೂ ಮಧ್ಯೆ ಗಾಳಿ ಇರತ್ತೆ, ಅದೇ ಬೆಚ್ಚಗಿಡೋದು. ತೊಂದರೆ ಏನಪ್ಪಾ ಅಂದ್ರೆ ಆಳಕ್ಕೆ ಹೋದ ಹಾಗೆ ನೀರಿನ ಒತ್ತಡಕ್ಕೆ ಆ ಗಾಳಿ ಕುಗ್ಗತ್ತೆ. ಖಾಲಿ ನೀರಿನ ಬಾಟಲಿಗೆ ಮುಚ್ಚಳ ಹಾಕಿ ಆಳಕ್ಕೆ ತಗೊಂಡು ಹೋದ್ರೆ ಹೇಗೆ ನಜ್ಜುಗುಜ್ಜಾಗತ್ತೋ ಹಾಗೆ. ಅದಕ್ಕೇ ಸೂಟಿನ ಎದೆ ಹತ್ರ ಒಂದು ವಾಲ್ವ್ ಇರತ್ತೆ, ಸಿಲಿಂಡರ್ ಗಾಳಿಯನ್ನ ಉಸಿರಾಡೋಕೆ ಕೊಡೋ ರೆಗ್ಯುಲೇಟರ್‌ನಿಂದ ಒಂದು ಲೋ ಪ್ರೆಶರ್ ಹೋಸ್ ಬಂದು ಅಲ್ಲಿ ಸೇರ್ಕೊಳತ್ತೆ, ಇಳೀತಾ ಇಳೀತಾ ಬಟನ್ ಒತ್ತಿ ಸೂಟೊಳಗೆ ಸ್ವಲ್ಪ ಸ್ವಲ್ಪ ಗಾಳಿ ತುಂಬ್ಕೋತಾ ಹೋಗಬೇಕು. ಆ ಹೋಸ್ ಇಲ್ಲ ಅಂದ್ರೆ ಅದು ಡೈವ್ ಮಾಡೋ ಸೂಟೇ ಅಲ್ಲ.

ಲೆಕ್ಕ ಹಾಕಿ ನೋಡೋಣ. ಲೇಕ್ ಮೆಕ್‌ಡೊನಾಲ್ಡ್ ಸಮುದ್ರ ಮಟ್ಟದಿಂದ ಸುಮಾರು 960 ಮೀಟರ್ ಎತ್ತರದಲ್ಲಿದೆ, ಅಲ್ಲಿ 18 ಮೀಟರ್ ಕೆಳಗೆ ಒತ್ತಡ ಮೇಲಿಗಿಂತ ಹೆಚ್ಚು ಕಡಿಮೆ ಮೂರು ಪಟ್ಟು. ಉದಾಹರಣೆಗೆ ಸೂಟಲ್ಲಿ ಮೇಲೆ 12 ಲೀಟರ್ ಗಾಳಿ ಇತ್ತು ಅಂತ ಇಟ್ಕೊಳ್ಳಿ, ಅದು ಆ ಆಳದಲ್ಲಿ ನಾಲ್ಕು ಲೀಟರ್ ಆಗೋಗತ್ತೆ. ಒಂದು ಲೀಟರ್ ಗಾಳಿ ಅಂದ್ರೆ ಒಂದು ಕಿಲೋ ತೇಲುವ ಶಕ್ತಿ, ಅಂದ್ರೆ ಎಂಟು ಕಿಲೋ ತೇಲುವ ಶಕ್ತಿ ಮಾಯ. ಹಾಕಿರೋ ಸೀಸ ಮಾತ್ರ ಅಷ್ಟೇ ಇರತ್ತೆ. ಅದರ ಜೊತೆಗೆ ಸೂಟ್ ಮೈಗೆ ಅಂಟ್ಕೊಂಡು ಹಿಂಡೋಕೆ ಶುರು ಮಾಡತ್ತೆ, ಕೈ ಎತ್ತೋದು ಕಷ್ಟ, ಎದೆ ಅಗಲ ಮಾಡಿ ಉಸಿರೆಳೆಯೋದೂ ಕಷ್ಟ. ಆಳಕ್ಕೆ ಹೋದಷ್ಟೂ ಇನ್ನಷ್ಟು ಕುಗ್ಗತ್ತೆ, ಕುಗ್ಗಿದಷ್ಟೂ ಇನ್ನಷ್ಟು ವೇಗವಾಗಿ ಮುಳುಗ್ತೀವಿ. ಮೇಲೆ ಬರೋಕೆ ಒಂದೇ ದಾರಿ, ಬಿಸಿಡಿ ಅನ್ನೋ, ಡೈವರ್‌ನ ತೇಲಿಸೋ ಜಾಕೆಟ್‌ಗೆ ಗಾಳಿ ತುಂಬೋದು, ಅದು ಸಾಕಾಗ್ಲಿಲ್ಲ ಅಂದ್ರೆ ಸೀಸ ಬಿಸಾಕೋದು.

ಆ ಹುಡುಗಿ ಸೆಕೆಂಡ್ ಹ್ಯಾಂಡ್ ಡ್ರೈಸೂಟ್ ಒಂದನ್ನ ತಗೊಂಡಿದ್ಲು. ಕುಟುಂಬದ ದೂರಿನ ಪ್ರಕಾರ ಡ್ರೈಸೂಟ್ ಹಾಕ್ಕೊಂಡು ನೀರಿಗಿಳಿದಿದ್ದು ಅವಳು ಅದೇ ಮೊದಲು, ಪೂಲಲ್ಲಿ ಅದರ ಅಭ್ಯಾಸ ಮಾಡಿಸಿರಲಿಲ್ಲ. ಅವಳು ಬಳಸ್ತಿದ್ದ ರೆಗ್ಯುಲೇಟರಲ್ಲಿ ಆ ಸೂಟಿನ ವಾಲ್ವ್‌ಗೆ ಕೂರೋ ಹೋಸ್ ಇರಲಿಲ್ಲ. ಇದು ಗೊತ್ತಿದ್ದೂ ಡೈವ್ ಮುಂದುವರೀತು. ಡ್ರೈಸೂಟ್ ತೇಲತ್ತೆ ಅಂತ ಸೀಸ ಸೇರಿಸಿದ್ರು, ಸೇರಿಸಿ ಸೇರಿಸಿ 44 ಪೌಂಡ್ ಮಾಡಿದ್ರು. ಅಷ್ಟನ್ನೂ ಹಾಕಿದ್ದು ಬೆಲ್ಟಲ್ಲೋ ಎಳೆದ್ರೆ ಕಳಚಿ ಬೀಳೋ ಪೌಚಲ್ಲೋ ಅಲ್ಲ, ಜಿಪ್ ಇರೋ ಜೇಬುಗಳಲ್ಲಿ.

ಈ ಜಿಪ್ ಇರೋ ಜೇಬು ಅನ್ನೋ ವಿಷಯ ಓದಿದಾಗೆಲ್ಲ ನನಗೆ ಹೊಟ್ಟೆ ಕಿವುಚಿದ ಹಾಗಾಗತ್ತೆ. ಯಾಕಂದ್ರೆ ಇದು ಯಾವುದೋ ಕಷ್ಟದ ತಾಂತ್ರಿಕ ವಿಷಯ ಅಲ್ಲ. ಮೊದಲ ಕೋರ್ಸಿನ ಪೂಲ್ ಪಾಠಗಳಲ್ಲೇ ಹೇಳಿಕೊಡೋದು, ಸೀಸ ಒಂದೇ ಕೈಯಲ್ಲಿ, ಒಂದೇ ಎಳೆತಕ್ಕೆ ಬೀಳೋ ಹಾಗಿರಬೇಕು ಅಂತ. ಡೈವ್‌ಗೆ ಮುಂಚೆ ಜೊತೆಯಾಗಿ ಇಳಿಯೋ ಇಬ್ಬರು ಒಬ್ಬರನ್ನೊಬ್ಬರು ಚೆಕ್ ಮಾಡೋ ಕ್ರಮ ಇದೆ, ಬಿಸಿಡಿ ಕೆಲಸ ಮಾಡ್ತಿದ್ಯಾ, ಸೀಸ ಸರಿ ಇದ್ಯಾ, ಬಕಲ್‌ಗಳು ಎಲ್ಲಿವೆ ಹೇಗೆ ಬಿಚ್ಚತ್ತೆ, ಗಾಳಿ ಎಷ್ಟಿದೆ, ಕೊನೆಗೆ ಒಂದು ಸಲ ಪೂರ್ತಿ ನೋಡಿ ಓಕೆ. ಎರಡು ನಿಮಿಷದ ಕೆಲಸ. ಆವತ್ತು ಆ ಚೆಕ್ ಮನಸ್ಸಿಟ್ಟು ಮಾಡಿದ್ರೆ ಎರಡನೇ ಪ್ರಶ್ನೆಗೇ ಡೈವ್ ನಿಲ್ತಿತ್ತು, ಮೂರನೇ ಪ್ರಶ್ನೆಗೆ ಹೋಗೋ ಅಗತ್ಯನೇ ಇರ್ತಿರಲಿಲ್ಲ.

ನೀರೊಳಗೆ ಆಗಿದ್ದು ಬೇಗ ಹೇಳಿಬಿಡ್ತೀನಿ. ನವೆಂಬರ್ ತಿಂಗಳು, ಕೊರೆಯೋ ನೀರು, ಬೆಳಕು ಇಳೀತಾ ಇದ್ದ ಹೊತ್ತು. ಗುಂಪು 60 ಅಡಿ ಆಸುಪಾಸಿನ ಆಳಕ್ಕೆ ಇಳೀತು. ಇನ್‌ಸ್ಟ್ರಕ್ಟರ್ ಗಮನ ಇನ್ನೊಬ್ಬ ವಿದ್ಯಾರ್ಥಿ ಕಡೆ ಹೋಯ್ತು, ವಾಪಸ್ ತಿರುಗಿದ್ರು. ಈ ಹುಡುಗಿ ಹಿಂದೆ ಉಳಿದ್ಲು. ಅವಳಿಗೆ ತೊಂದರೆ ಆಗ್ತಿದೆ ಅಂತ ಗಮನಿಸಿದ್ದು ಅವಳ ಹಾಗೇ ಕಲಿಯೋಕೆ ಬಂದಿದ್ದ ಒಬ್ಬ ವಿದ್ಯಾರ್ಥಿ. ಅವಳು ಇಳಿಜಾರಿನಂಚಿಂದ ಜಾರಿ ಕೆಳಗೆ ಹೋಗ್ತಿದ್ದಾಗ ಆತ ಹಿಂದೆ ಹೋದ, ಹಿಡ್ಕೊಂಡ, ರೆಗ್ಯುಲೇಟರ್ ಕೊಡೋಕೆ ನೋಡ್ದ, ಸೀಸ ಬಿಚ್ಚೋಣ ಅಂತ ಮೈಯೆಲ್ಲಾ ತಡಕಾಡ್ದ, ಎಳೆಯೋಕೆ ಏನೂ ಕೈಗೆ ಸಿಗಲಿಲ್ಲ. ತನ್ನ ಜೀವ ಪಣಕ್ಕಿಟ್ಟು ಕೊನೇವರೆಗೂ ಪ್ರಯತ್ನಪಟ್ಟು ಆಮೇಲೆ ಗತಿಯಿಲ್ಲದೆ ವೇಗವಾಗಿ ಮೇಲೆ ಬರಬೇಕಾಯ್ತು. ಅವಳು ಸಿಕ್ಕಿದ್ದು 100 ಅಡಿ ದಾಟಿದ ಆಳದಲ್ಲಿ. ಆ ವಿದ್ಯಾರ್ಥಿ ಮಾಡಿದ್ದೇ ಆ ಇಡೀ ದಿನದಲ್ಲಿ ಡೈವಿಂಗ್‌ನ ಮರ್ಯಾದೆ ಉಳಿಸಿದ ಕೆಲಸ ಅಂತ ನನ್ನ ಅಭಿಪ್ರಾಯ.

ಈಗ ನಿಜವಾದ ಪ್ರಶ್ನೆ. ನಿಯಮ ಇರಲಿಲ್ವಾ? ಇತ್ತು, ಎಲ್ಲಾ ಇತ್ತು. ಡ್ರೈಸೂಟ್ ಮೊದಲ ಸಲ ಹಾಕೋರಿಗೆ ಪೂಲ್ ಥರದ ಸುರಕ್ಷಿತ ನೀರಲ್ಲಿ ಮೊದಲು ಪರಿಚಯ ಮಾಡಿಸಬೇಕು ಅಂತ ಇದೆ. ತಟ್ಟನೆ ಬಿಡಿಸೋ ಥರ ಸೀಸ ಇರಬೇಕು ಅಂತ ಇದೆ. 300 ಮೀಟರ್‌ಗಿಂತ ಎತ್ತರದ ಜಾಗದಲ್ಲಿ ಡೈವ್ ಮಾಡಿದ್ರೆ ಅದಕ್ಕೆ ಬೇರೆ ಲೆಕ್ಕ ಬೇರೆ ಕ್ರಮ ಇದೆ. ತೆರೆದ ನೀರಲ್ಲಿ ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಂಟು ಜನ ಅನ್ನೋದು ಗರಿಷ್ಠ ಮಿತಿ ಅಷ್ಟೇ, ಚಳಿ, ಕತ್ತಲು, ಹೊಸ ಸಲಕರಣೆ, ಹೊಸ ವಿದ್ಯಾರ್ಥಿ ಇದ್ದಾಗ ಸಂಖ್ಯೆ ಕಮ್ಮಿ ಮಾಡಬೇಕು ಅಂತಾನೂ ಅದರ ಪಕ್ಕದಲ್ಲೇ ಬರೆದಿದೆ. ಡ್ರೈಸೂಟ್ ಕೋರ್ಸ್ ಕಲಿಸೋಕೆ ಇನ್‌ಸ್ಟ್ರಕ್ಟರ್‌ಗೆ ಪ್ರತ್ಯೇಕ ಅರ್ಹತೆ ಬೇಕು ಅಂತ ಇದೆ, ದೂರಿನಲ್ಲಿ ಇರೋ ಒಂದು ಮುಖ್ಯ ಆರೋಪನೇ ಆ ಇನ್‌ಸ್ಟ್ರಕ್ಟರ್ ಕಲಿಸೋದಕ್ಕೆ ತೀರಾ ಹೊಸಬರು, ಡ್ರೈಸೂಟ್ ಕಲಿಸೋ ಅರ್ಹತೆ ಇರಲಿಲ್ಲ ಅಂತ.

ಇನ್ನೂ ಮೇಲಕ್ಕೆ ಹೋದ್ರೆ ಅಂತಾರಾಷ್ಟ್ರೀಯ ಮಟ್ಟದಲ್ಲೂ ಕಾಗದ ಇದೆ. ಐಎಸ್‌ಒ 24801 ಅಂತ ಡೈವರ್‌ಗಳಿಗೆ, 24802 ಅಂತ ಇನ್‌ಸ್ಟ್ರಕ್ಟರ್‌ಗಳಿಗೆ, 24803 ಅಂತ ಡೈವ್ ಅಂಗಡಿಗಳಿಗೆ, ಒಂದು ದಿನದ ಪರಿಚಯ ಡೈವ್‌ಗೆ 11121 ಅಂತ ಬೇರೆ. ದೊಡ್ಡ ಸಂಸ್ಥೆಗಳೆಲ್ಲ ನಮ್ಮ ಕೋರ್ಸ್ ಐಎಸ್‌ಒಗೆ ಸರಿಹೊಂದತ್ತೆ ಅಂತ ಹಾಕ್ಕೊಂಡಿರ್ತಾರೆ. ಓದಿದ್ರೆ ಚೆನ್ನಾಗೇ ಇದೆ. ಆದ್ರೆ ಆ ಸರೋವರದ ದಡದಲ್ಲಿ ಆ ಸಂಜೆ, ಈ ಎಲ್ಲಾ ಕಾಗದದ ಪರವಾಗಿ ನಿಂತು ಬೇಡ ಅನ್ನಬೇಕಾಗಿದ್ದಿದ್ದು ಮುಖ್ಯವಾಗಿ ಒಬ್ಬರೇ ಮನುಷ್ಯರು, ಕ್ಲಾಸ್ ನಡೆಸ್ತಿದ್ದ ಇನ್‌ಸ್ಟ್ರಕ್ಟರ್. ಪೂರ್ತಿ ವ್ಯವಸ್ಥೆ ಅಲ್ಲಿಗೆ ಬಂದು ಒಬ್ಬರ ತಲೆ ಮೇಲೆ ಕೂತಿದೆ. ಹಾಗಾಗಿ ಆ ಒಬ್ಬರು ಹೇಗೆ ತಯಾರಾಗ್ತಾರೆ ಅಂತ ನೋಡ್ಲೇಬೇಕು, ಆ ಒಬ್ಬ ವ್ಯಕ್ತಿಯನ್ನ ಬೈದು ಸುಮ್ಮನಾದ್ರೆ ಏನೂ ಅರ್ಥ ಆಗಲ್ಲ.

ಪ್ಯಾಡಿಯಲ್ಲಿ ಇನ್‌ಸ್ಟ್ರಕ್ಟರ್ ಆಗೋ ದಾರಿ ಹೀಗಿದೆ. ಓಪನ್ ವಾಟರ್, ಅಡ್ವಾನ್ಸ್ಡ್, ರೆಸ್ಕ್ಯೂ, ಆಮೇಲೆ ಡೈವ್ ಮಾಸ್ಟರ್, ಅದಕ್ಕೆ ಸೇರೋಕೆ 40 ಡೈವ್, ಮುಗಿಸೋಕೆ 60. ಆಮೇಲೆ ಇನ್‌ಸ್ಟ್ರಕ್ಟರ್ ಡೆವಲಪ್‌ಮೆಂಟ್ ಕೋರ್ಸ್, ಅದಕ್ಕೆ ಬರೋ ಹೊತ್ತಿಗೆ ಡೈವರ್ ಆಗಿ ಕನಿಷ್ಠ ಆರು ತಿಂಗಳಾಗಿರಬೇಕು. ಆಮೇಲೆ ಪರೀಕ್ಷೆ, ಆ ಹೊತ್ತಿಗೆ ಲಾಗ್‌ಬುಕ್ಕಲ್ಲಿ 100 ಡೈವ್ ಇರಬೇಕು. ಒಂದು ಡೈವ್ 45 ನಿಮಿಷ ಅಂತ ಹಿಡಿದ್ರೂ ನೀರೊಳಗೆ ಒಟ್ಟು 75 ಗಂಟೆ. ಆ ನೂರೂ ಡೈವ್ ಬೆಚ್ಚಗಿನ, ತಿಳಿಯಾದ, ಒಂದೇ ಜಾಗದ ನೀರಲ್ಲಿ ಮಾಡಿದ್ರೂ ನಡೆಯತ್ತೆ. ಥಾಯ್ಲೆಂಡಿನ ಕೋಹ್ ಟಾವೋ ಥರದ ಜಾಗಗಳಲ್ಲಿ ಏನೂ ಗೊತ್ತಿಲ್ಲದೆ ಬಂದವರನ್ನ ಕೆಲವೇ ತಿಂಗಳಲ್ಲಿ ಇನ್‌ಸ್ಟ್ರಕ್ಟರ್ ಮಾಡಿ ಕಳಿಸೋ ಪ್ಯಾಕೇಜ್ ಇದೆ, ಜೀರೋ ಟು ಹೀರೋ ಅಂತಾರೆ, ಬೆಂಗಳೂರಿಂದ ಕೆಲಸ ಬಿಟ್ಟು ಹೋಗಿ ಮಾಡ್ಕೊಂಡು ಬಂದೋರೂ ಇದಾರೆ. ಅವರಲ್ಲಿ ತುಂಬಾ ಒಳ್ಳೇ ಇನ್‌ಸ್ಟ್ರಕ್ಟರ್ ಆದೋರು ಇದಾರೆ, ಅವರೆಲ್ಲ ಕಾರ್ಡ್ ಸಿಕ್ಕಿದ್ಮೇಲೆ ಯಾರೋ ಹಿರಿಯರ ಕೈಕೆಳಗೆ ಒಂದೆರಡು ಸೀಸನ್ ಒದ್ದಾಡಿ ಕಲಿತೋರು. ಆ ಒಂದೆರಡು ಸೀಸನ್ ಎಲ್ಲೂ ಕಡ್ಡಾಯ ಅಲ್ಲ ಅನ್ನೋದೇ ನನ್ನ ಸಂಕಟ.

ಪರೀಕ್ಷೆ ಬಗ್ಗೆ ಒಂದು ಒಳ್ಳೇ ಮಾತು ಹೇಳಲೇಬೇಕು, ಪ್ಯಾಡಿಯಲ್ಲಿ ಕಲಿಸಿದವರೇ ಪರೀಕ್ಷೆ ಮಾಡಲ್ಲ, ಹೆಡ್ ಆಫೀಸ್ ಕಡೆಯಿಂದ ಬೇರೆ ಎಕ್ಸಾಮಿನರ್ ಬರ್ತಾರೆ. ಥಿಯರಿ, ನಿಯಮಗಳ ಪರೀಕ್ಷೆ, ಪೂಲಲ್ಲಿ ಪಾಠ ಮಾಡಿ ತೋರಿಸೋದು, ತೆರೆದ ನೀರಲ್ಲಿ ಪಾಠ ಮಾಡಿ ತೋರಿಸೋದು, ರೆಸ್ಕ್ಯೂ. ಆದ್ರೆ ಅಲ್ಲಿ ವಿದ್ಯಾರ್ಥಿಗಳಾಗಿ ನಟಿಸೋರು ಯಾರು ಗೊತ್ತಾ, ಪರೀಕ್ಷೆಗೆ ಬಂದಿರೋ ಇತರ ಅಭ್ಯರ್ಥಿಗಳೇ. ನೀನು ಮಾಸ್ಕ್ ಕ್ಲಿಯರ್ ಮಾಡೋವಾಗ, ಅಂದ್ರೆ ಅದರೊಳಗೆ ಬಂದ ನೀರು ಹೊರಹಾಕೋವಾಗ, ಮೂಗಲ್ಲಿ ಉಸಿರು ಬಿಡೋದು ಮರೆತ ಹಾಗೆ ಮಾಡು ಅಂತ ಮೊದಲೇ ಹೇಳಿಕೊಟ್ಟಿರ್ತಾರೆ, ಅಭ್ಯರ್ಥಿ ಆ ತಪ್ಪನ್ನ ಹಿಡಿದು ತಿದ್ದಿದ್ರೆ ಮಾರ್ಕ್ಸ್. ನಿಜವಾಗ್ಲೂ ಹೆದರಿರೋ, ಕಣ್ಣು ದೊಡ್ಡದಾಗಿ ಕೈಕಾಲು ಬಡೀತಿರೋ ಮನುಷ್ಯನನ್ನ ಆ ಅಭ್ಯರ್ಥಿ ಮೊದಲ ಸಲ ನೋಡೋದು ಪರೀಕ್ಷೆ ಪಾಸಾಗಿ ತನ್ನದೇ ಕ್ಲಾಸ್ ಶುರು ಮಾಡಿದ್ಮೇಲೆ ಇರಬಹುದು. ಇನ್ನೊಂದು, ದಡದಲ್ಲಿ ನಿಂತು ಇವತ್ತು ಈ ಡೈವ್ ಬೇಡ, ದುಡ್ಡು ವಾಪಸ್ ಕೊಡ್ತೀನಿ, ಮುಂದಿನ ವಾರ ಬನ್ನಿ ಅನ್ನೋದಕ್ಕೆ ಯಾವ ಪರೀಕ್ಷೆಯಲ್ಲೂ ಮಾರ್ಕ್ಸ್ ಇಲ್ಲ. ಮಾಂಟಾನಾದಲ್ಲಿ ಬೇಕಾಗಿದ್ದಿದ್ದು ಅದೊಂದೇ.

ಯಾಕೆ ಬೇಡ ಅನ್ನಲ್ಲ ಅನ್ನೋದಕ್ಕೆ ದುಡ್ಡಿನ ಲೆಕ್ಕಾನೂ ನೋಡಬೇಕು. ಎಷ್ಟೋ ಕಡೆ ಇನ್‌ಸ್ಟ್ರಕ್ಟರ್‌ಗೆ ಸಂಬಳ ಬರೋದು ಎಷ್ಟು ಜನರ ಕೋರ್ಸ್ ಮುಗಿಸಿದ್ರು ಅನ್ನೋದರ ಮೇಲೆ. ಅಂಗಡಿಗೆ ಲಾಭ ಬರೋದು ಕೋರ್ಸ್‌ನಲ್ಲಿ, ಅದಕ್ಕಿಂತ ಹೆಚ್ಚು ಸಲಕರಣೆ ಮಾರೋದ್ರಲ್ಲಿ. ಸಂಸ್ಥೆಗೆ ಬರೋದು ಪ್ರತಿ ಕಾರ್ಡಿಂದ, ಪ್ರತಿ ಇ ಲರ್ನಿಂಗ್ ಕೋಡಿಂದ, ಇನ್‌ಸ್ಟ್ರಕ್ಟರ್‌ಗಳು ವರ್ಷ ವರ್ಷ ಕಟ್ಟೋ ಮೆಂಬರ್‌ಶಿಪ್‌ನಿಂದ. ವಿದ್ಯಾರ್ಥಿ ಮೂರು ಗಂಟೆ ಡ್ರೈವ್ ಮಾಡ್ಕೊಂಡು ಬಂದಿರ್ತಾನೆ, ರಜೆ ಹಾಕಿರ್ತಾನೆ, ಅವನಿಗೂ ಇವತ್ತೇ ಆಗಬೇಕು. ಈ ಸರಪಳಿಯಲ್ಲಿ ಡೈವ್ ಕ್ಯಾನ್ಸಲ್ ಆದ್ರೆ ಯಾರಿಗೂ ಒಂದು ರೂಪಾಯಿ ಲಾಭ ಇಲ್ಲ. ಹಾಗಿದ್ದೂ ದಿನಾ ಎಷ್ಟೋ ಇನ್‌ಸ್ಟ್ರಕ್ಟರ್‌ಗಳು ಜಗತ್ತಿನಾದ್ಯಂತ ಗಾಳಿ ಜಾಸ್ತಿ ಇದೆ, ನಿಮಗೆ ನೆಗಡಿ ಇದೆ, ಈ ಬಿಸಿಡಿ ಲೀಕ್ ಆಗ್ತಿದೆ ಅಂತ ಡೈವ್ ನಿಲ್ಲಿಸ್ತಾರೆ, ಜನರ ಹತ್ರ ಬೈಸ್ಕೊಳ್ತಾರೆ. ಅವರ ಕೆಲಸ ಯಾರ ರಿವ್ಯೂನಲ್ಲೂ ಐದು ಸ್ಟಾರ್ ಆಗಿ ಕಾಣಲ್ಲ.

ಸಂಸ್ಥೆಗಳು ಗುಣಮಟ್ಟ ನೋಡಲ್ವಾ ಅಂದ್ರೆ, ನೋಡ್ತಾರೆ, ಆದ್ರೆ ಆದ್ಮೇಲೆ ನೋಡ್ತಾರೆ. ಕೋರ್ಸ್ ಮುಗಿಸಿದವರಲ್ಲಿ ಕೆಲವರಿಗೆ ಪ್ಯಾಡಿ ಪ್ರಶ್ನೆಪತ್ರ ಕಳಿಸತ್ತೆ, ಇಂಥಿಂಥ ಸ್ಕಿಲ್ ಮಾಡಿಸಿದ್ರಾ ಅಂತ. ದೂರು ಬಂದ್ರೆ ವಿಚಾರಣೆ, ಮತ್ತೆ ತರಬೇತಿ, ಜೋರಾದ್ರೆ ಮೆಂಬರ್‌ಶಿಪ್ ರದ್ದು. ಇದರಲ್ಲಿರೋ ತೊಡಕು ಏನು ಅಂದ್ರೆ ಉತ್ತರ ಬರೆಯೋನು ಈಗಷ್ಟೇ ಕಲಿತ ಮನುಷ್ಯ. ಏನು ಬಿಟ್ಟುಹೋಗಿದೆ ಅಂತ ಅವನಿಗೆ ಹೇಗೆ ಗೊತ್ತಾಗಬೇಕು? ವೇಟ್ ಚೆಕ್, ಅಂದ್ರೆ ಎಷ್ಟು ಸೀಸ ಬೇಕು ಅಂತ ನೀರಲ್ಲೇ ನೋಡೋದು, ಒಂದಿದೆ ಅಂತಾನೇ ಕೇಳದವನು ವೇಟ್ ಚೆಕ್ ಮಾಡಿಸ್ಲಿಲ್ಲ ಅಂತ ದೂರು ಕೊಡಲ್ಲ, ಇನ್‌ಸ್ಟ್ರಕ್ಟರ್ ತುಂಬಾ ಫ್ರೆಂಡ್ಲಿ, ಸಖತ್ ಮಜಾ ಬಂತು ಅಂತ ಬರೀತಾನೆ. ಕಲಿಸೋವಾಗಲೇ ಯಾರಾದ್ರೂ ಹೊರಗಿನವರು ಬಂದು ನೋಡೋ ವ್ಯವಸ್ಥೆ ಇಲ್ಲದೇ ಇದು ಸುಧಾರಿಸಲ್ಲ ಅಂತ ನಾನು ಗಟ್ಟಿಯಾಗಿ ನಂಬ್ತೀನಿ. ಇನ್‌ಸ್ಟ್ರಕ್ಟರ್ ಆದ ಮೊದಲ ಒಂದು ವರ್ಷ ಹಿರಿಯರು ಜೊತೆಗಿದ್ದೇ ಕ್ಲಾಸ್ ಮಾಡಬೇಕು, ಹೊಸ ಥರದ ನೀರಿಗೆ, ಅಂದ್ರೆ ತಣ್ಣೀರಿಗೆ, ಎತ್ತರದ ಸರೋವರಕ್ಕೆ ಹೋದಾಗ ಮತ್ತೆ ಜೊತೆಗಿರಬೇಕು. ಖರ್ಚಾಗತ್ತೆ, ಕೋರ್ಸ್ ಫೀಸ್ ಜಾಸ್ತಿ ಆಗತ್ತೆ. ಆಗಲಿ.

ಕುಟುಂಬ 2021ರಲ್ಲಿ ಕೋರ್ಟಲ್ಲಿ 12 ಮಿಲಿಯನ್ ಡಾಲರ್ ಪರಿಹಾರ ಕೇಳಿ ಕೇಸ್ ಹಾಕ್ತು, ಅಂಗಡಿ ಮೇಲೆ, ಇನ್‌ಸ್ಟ್ರಕ್ಟರ್ ಮೇಲೆ ಅಷ್ಟೇ ಅಲ್ಲ, ಪ್ಯಾಡಿ ಮೇಲೂ. ಅಲ್ಲೇ ಇರೋದು ಈ ಕೇಸಿನ ತೂಕ. ಇಂಥ ಸಂದರ್ಭದಲ್ಲಿ ಸಂಸ್ಥೆಗಳ ವಾದ ಮೊದಲಿಂದ ಒಂದೇ, ಇನ್‌ಸ್ಟ್ರಕ್ಟರ್‌ಗಳು, ಅಂಗಡಿಗಳು ನಮ್ಮ ನೌಕರರೂ ಅಲ್ಲ ಏಜೆಂಟ್‌ಗಳೂ ಅಲ್ಲ, ನಮ್ಮ ಹೆಸರು ಬಳಸೋಕೆ ಲೈಸೆನ್ಸ್ ಇರೋ ಸ್ವತಂತ್ರ ವ್ಯವಹಾರಸ್ಥರು. ಪ್ಯಾಡಿ ಕೋರ್ಸ್ ಮಾಡಿರೋರು ಯಾರಾದ್ರೂ ಇದ್ರೆ ನೆನಪು ಮಾಡ್ಕೊಳ್ಳಿ, ಮೊದಲ ದಿನ ಸೈನ್ ಹಾಕಿಸಿಕೊಂಡ ಫಾರಂಗಳಲ್ಲಿ ಇದನ್ನೇ ಬರೆದಿರತ್ತೆ, ನಾವೆಲ್ಲ ಓದದೇ ಸೈನ್ ಹಾಕಿರ್ತೀವಿ. ಒಂದು ಕಡೆ ಅಂಗಡಿ ಬೋರ್ಡ್ ಮೇಲೆ, ಪುಸ್ತಕದ ಮೇಲೆ, ಕಾರ್ಡಿನ ಮೇಲೆ ದೊಡ್ಡದಾಗಿ ಆ ಸಂಸ್ಥೆಯ ಹೆಸರು, ಆ ಹೆಸರು ನೋಡಿನೇ ನಾವು ನಂಬಿ ದುಡ್ಡು ಕಟ್ಟೋದು, ಇನ್ನೊಂದು ಕಡೆ ಏನಾದ್ರೂ ಆದ್ರೆ ಅದು ಆ ಇನ್‌ಸ್ಟ್ರಕ್ಟರ್‌ಗೂ ನಿಮಗೂ ಬಿಟ್ಟ ವಿಷಯ. ನನಗೆ ಇದು ನ್ಯಾಯ ಅಂತ ಅನ್ಸಲ್ಲ. ನಿಯಮ ಬರೆಯೋರು ನೀವು, ಪರೀಕ್ಷೆ ಮಾಡೋರು ನೀವು, ಕಾರ್ಡ್ ಕೊಡೋರು ನೀವು, ಆ ನಿಯಮ ದಡದಲ್ಲಿ ಪಾಲನೆ ಆಗ್ತಿದ್ಯಾ ಅನ್ನೋ ಹೊಣೆಯಲ್ಲಿ ಒಂದು ಪಾಲು ನಿಮ್ಮದೂ ಇರಬೇಕು.

ಇದನ್ನ ಕನ್ನಡದಲ್ಲಿ ಯಾಕೆ ಬರೀತಿದೀನಿ ಅಂದ್ರೆ, ಸೀಸದ ವಿಷಯ ನಮ್ಮ ಕಡೆಗೂ ನೇರವಾಗಿ ಬರತ್ತೆ. ಮುರುಡೇಶ್ವರದಿಂದ ಬೋಟಲ್ಲಿ ನೇತ್ರಾಣಿಗೆ ಹೋಗಿ ಡೈವ್ ಮಾಡೋರು ಈಗ ಪ್ರತಿ ಸೀಸನ್ನಲ್ಲೂ, ಮಳೆಗಾಲ ಬಿಟ್ಟು, ರಾಶಿ ಜನ. ಬೆಂಗಳೂರಲ್ಲಿ ಪೂಲ್ ಪಾಠ ಮುಗಿಸಿ ಅಲ್ಲಿಗೋ ಪುದುಚೇರಿಗೋ ಅಂಡಮಾನಿಗೋ ಹೋಗಿ ಓಪನ್ ವಾಟರ್ ಮುಗಿಸೋರು ನಮ್ಮ ಸುತ್ತಮುತ್ತಲೇ ಇದಾರೆ. ನಮ್ಮ ನೀರು ಬೆಚ್ಚಗಿದೆ, ತೆಳ್ಳನೆ ವೆಟ್‌ಸೂಟ್ ಸಾಕು, 20 ಕಿಲೋ ಯಾರೂ ಹಾಕಲ್ಲ. ಆದ್ರೆ ಹೊಸಬರಿಗೆ ಬೇಕಾಗಿದ್ದಕ್ಕಿಂತ ಹೆಚ್ಚು ಸೀಸ ಹಾಕೋ ಅಭ್ಯಾಸ ಜಗತ್ತಿನ ಎಲ್ಲಾ ಕಡೆ ಇದೆ, ನಮ್ಮಲ್ಲೂ ಇದೆ. ಕಾರಣ ಸುಲಭ. ಹೆದರಿದ ಮನುಷ್ಯ ಶ್ವಾಸಕೋಶ ತುಂಬಾ ಗಾಳಿ ಹಿಡಿದಿಟ್ಕೋತಾನೆ, ಕಾಲು ಬಡೀತಾನೆ, ಹಾಗಾಗಿ ಮುಳುಗಲ್ಲ. ಅವನನ್ನ ಸಮಾಧಾನ ಮಾಡಿ, ನಿಧಾನ ಉಸಿರು ಬಿಡೋಕೆ ಕಲಿಸಿ ಇಳಿಸೋಕೆ ಇಪ್ಪತ್ತು ನಿಮಿಷ ಬೇಕು. ಎರಡು ಕಿಲೋ ಸೀಸ ಸೇರಿಸೋಕೆ ಇಪ್ಪತ್ತು ಸೆಕೆಂಡ್ ಸಾಕು. ತಳದಲ್ಲಿ ಮಂಡಿಯೂರಿ ಅಲ್ಲಾಡದೇ ಕೂರ್ತಾನೆ, ಮಾಸ್ಕ್ ಕ್ಲಿಯರ್ ಮಾಡಿಸಿ, ರೆಗ್ಯುಲೇಟರ್ ತೆಗೆದು ಹಾಕಿಸಿ, ಟಿಕ್ ಹಾಕಿ ಮುಗಿಸಬಹುದು. ಕಲಿಸಬೇಕಾಗಿದ್ದ ಪಾಠದ ಜಾಗದಲ್ಲಿ ಸೀಸ ಬಂದು ಕೂತಿತು. ಮಾಂಟಾನಾದಲ್ಲಿ ಆಗಿದ್ದೂ ಇದರದ್ದೇ ಭೀಕರ ರೂಪ ಅಂತ ನನಗನ್ಸೋದು, ಡ್ರೈಸೂಟ್ ಹೇಗೆ ಬಳಸೋದು ಅಂತ ಕಲಿಸೋದರ ಬದಲು, ಅದು ತೇಲಬಾರದು ಅಂತ ತೂಕ ತುಂಬಿದ್ದು.

ಹೀಗೆ ಕಲಿತವನ ಮುಂದಿನ ಡೈವ್‌ಗಳನ್ನ ನೋಡಿದೀನಿ, ನಾನು ಹೊಸಬರ ಗುಂಪಿನ ಜೊತೆ ಹಿಂದೆ ಈಜೋ ಕೆಲಸ ಮಾಡ್ತೀನಿ. ಸೀಸ ಜಾಸ್ತಿ ಇರೋದಕ್ಕೆ ಬಿಸಿಡಿಗೆ ಗಾಳಿ ಜಾಸ್ತಿ ತುಂಬ್ತಾನೆ, ಒಂದೆರಡು ಮೀಟರ್ ಮೇಲೆ ಹೋದ್ರೆ ಆ ಗಾಳಿ ಹಿಗ್ಗಿ ಬಲೂನ್ ಥರ ಎಳ್ಕೊಂಡು ಹೋಗತ್ತೆ, ಗಾಬರಿಯಾಗಿ ಪೂರ್ತಿ ಗಾಳಿ ಬಿಡ್ತಾನೆ, ಕಲ್ಲಿನ ಹಾಗೆ ಇಳೀತಾನೆ, ಹವಳದ ಮೇಲೆ ಬೀಳ್ತಾನೆ, ಅರ್ಧ ಗಂಟೇಲಿ ಸಿಲಿಂಡರ್ ಖಾಲಿ. ಅವನಿಗೆ ಸ್ಕೂಬಾ ಅಂದ್ರೇನೇ ಒದ್ದಾಟ ಅನ್ಸೋಗತ್ತೆ. ಅದೇ ಮೊದಲ ಪೂಲ್ ಪಾಠದಿಂದಲೇ ತಳ ಮುಟ್ಟದೆ ತೇಲಿಕೊಂಡೇ ಸ್ಕಿಲ್ ಮಾಡಿಸೋ ಇನ್‌ಸ್ಟ್ರಕ್ಟರ್‌ಗಳು ಇದಾರೆ, ಸಮಯ ಜಾಸ್ತಿ ತಗೋತಾರೆ, ಅವರ ವಿದ್ಯಾರ್ಥಿಗಳನ್ನ ನೀರಲ್ಲಿ ದೂರದಿಂದಲೇ ಗುರುತಿಸಬಹುದು.

ಭಾರತದಲ್ಲಿ ಪ್ರವಾಸೋದ್ಯಮ ಸಚಿವಾಲಯ 2018ರಲ್ಲಿ ಸಾಹಸ ಪ್ರವಾಸೋದ್ಯಮದ ಮಾರ್ಗಸೂಚಿ ತಂತು, ಅದರಲ್ಲಿ ಸ್ಕೂಬಾ ಬಗ್ಗೆನೂ ಒಂದು ಭಾಗ ಇದೆ. ಮಾರ್ಗಸೂಚಿ ಮಾರ್ಗಸೂಚಿನೇ. ಬೋಟ್ ಮೇಲೆ ನಿಂತಿರೋ ಹೊತ್ತಲ್ಲಿ ನಿಮ್ಮ ಜೊತೆ ಇರೋದು ಇನ್‌ಸ್ಟ್ರಕ್ಟರ್ ಒಬ್ಬರೇ, ಹಾಗಾಗಿ ದುಡ್ಡು ಕಟ್ಟೋ ಮುಂಚೆ ಅವರ ಹತ್ರ ಕೂತು ಮಾತಾಡಿ. ಅಂಗಡಿ ಎಷ್ಟು ವರ್ಷದ್ದು ಅಂತ ಕೇಳೋದಕ್ಕಿಂತ, ನನಗೆ ಕಲಿಸೋರು ಯಾರು, ಅವರು ಎಷ್ಟು ವರ್ಷದಿಂದ ಕಲಿಸ್ತಿದಾರೆ, ಇದೇ ನೀರಲ್ಲಿ ಎಷ್ಟು ಸೀಸನ್ ಮಾಡಿದಾರೆ ಅಂತ ಕೇಳಿ. ಗುಂಪಲ್ಲಿ ಎಷ್ಟು ಜನ ಅಂತ ಕೇಳಿ, ಎಂಟು ಅಂದ್ರೆ ನಿಯಮದೊಳಗೇ ಇದಾರೆ, ಆದ್ರೂ ನಾನಾದ್ರೆ ನಾಲ್ಕು ಜನರ ಗುಂಪಿಗೆ ಕಾಯ್ತೀನಿ. ಪೂಲ್ ಪಾಠ ಒಂದೇ ಮಧ್ಯಾಹ್ನ ಮುಗಿಸ್ತೀವಿ ಅಂದ್ರೆ ಬೇರೆ ಅಂಗಡಿ ನೋಡಿ. ಕೊನೇ ಸಲ ಯಾವಾಗ ಡೈವ್ ಕ್ಯಾನ್ಸಲ್ ಮಾಡಿದ್ರಿ, ಯಾಕೆ ಮಾಡಿದ್ರಿ ಅಂತ ಕೇಳಿ, ಒಳ್ಳೇ ಇನ್‌ಸ್ಟ್ರಕ್ಟರ್ ಆದ್ರೆ ಈ ಪ್ರಶ್ನೆಗೆ ಯೋಚನೆ ಮಾಡದೇ ಎರಡು ಮೂರು ಕಥೆ ಹೇಳ್ತಾರೆ. ಯಾವತ್ತೂ ಮಾಡೇ ಇಲ್ಲ ಸಾರ್ ಅಂತ ಹೆಮ್ಮೆಯಿಂದ ಹೇಳಿದ್ರೆ ಅಲ್ಲಿಂದ ಎದ್ದು ಬನ್ನಿ.

ಆಮೇಲೆ ವೇಟ್ ಚೆಕ್. ಬಿಸಿಡಿಯಿಂದ ಗಾಳಿ ಪೂರ್ತಿ ಬಿಟ್ಟು, ಅಲ್ಲಾಡದೇ ನಿಂತು ಮಾಮೂಲಿ ಉಸಿರು ಹಿಡಿದಾಗ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು, ಉಸಿರು ಬಿಟ್ಟಾಗ ನಿಧಾನ ಮುಳುಗಬೇಕು. ಅಲ್ಯೂಮಿನಿಯಂ ಸಿಲಿಂಡರ್ ಡೈವ್ ಕೊನೆಗೆ ಗಾಳಿ ಖಾಲಿಯಾದ ಹಾಗೆ ಹಗುರ ಆಗತ್ತೆ, ಅದಕ್ಕೆ ಅಂತ ಸುಮಾರು ಎರಡು ಕಿಲೋ ಸೇರಿಸ್ತಾರೆ, ಅಷ್ಟೇ. ಪೂಲಿನ ಸಿಹಿನೀರಲ್ಲಿ ಒಂದು ಲೆಕ್ಕ ಬರತ್ತೆ, ಸಮುದ್ರದಲ್ಲಿ ಉಪ್ಪು ಇರೋದ್ರಿಂದ ಸ್ವಲ್ಪ ಜಾಸ್ತಿ ಬೇಕು, ಹಾಗಾಗಿ ಎರಡೂ ಕಡೆ ಮಾಡಿಸಬೇಕು. ಇದನ್ನ ಮಾಡಿಸದೇ ಕಣ್ಣಂದಾಜಲ್ಲಿ ಬೆಲ್ಟಿಗೆ ಸೀಸ ಪೋಣಿಸಿ ಕೊಟ್ರೆ, ಎಷ್ಟು ಕಿಲೋ ಹಾಕಿದೀರಿ, ಯಾಕೆ ಅಷ್ಟು ಅಂತ ಕೇಳಿ, ಆಮೇಲೆ ಅವರ ಕಣ್ಣೆದುರೇ ಆ ಬೆಲ್ಟನ್ನ ಒಂದು ಸಲ ಬಲಗೈಯಲ್ಲಿ ಎಳೆದು ಬಿಚ್ಚಿ ಬೀಳಿಸಿ ನೋಡಿ. ಬಿಚ್ಚೋಕೆ ಆಗ್ಲಿಲ್ಲ ಅಂದ್ರೆ ಬೋಟ್ ಎಷ್ಟೇ ದೂರ ಬಂದಿರ್ಲಿ, ಆ ಡೈವ್ ಮಾಡಬೇಡಿ.